ದೂರಾಭಿಮಾನ

ನಟನ ಮೇಲಣ ಅಭಿಮಾನವು ಎರಡು ಬಗೆಯದು. ನಟನಿದ್ದೆಡೆಗೆ ಪ್ರೇಕ್ಷಕನನ್ನು ಎಳೆದೊಯ್ಯುವ ಅಭಿಮಾನ ಒಂದು. ಪ್ರೇಕ್ಷಕನನ್ನು ಮನೆಯ ಜಗಲಿಯಲ್ಲಿಯೇ ಕುಳ್ಳಿರಿಸಿ ನಟನ ಹೆಸರನ್ನು ಜಪಿಸುವಂತೆ ಮಾಡುವ ಅಭಿಮಾನ ಇನ್ನೊಂದು. ಮೊದಲನೆಯದರಿಂದ ಕನ್ನಡದ ವೃತ್ತಿರಂಗಭೂಮಿಯು ಒಂದು ಶತಮಾನಕ್ಕೂ ಮಿಕ್ಕು ಬದುಕಿತು. ಎರಡನೆಯದರಿಂದ ಅದು ಹೊಗಳಿಕೆಯ ನಡುವೆಯೇ ಉಪವಾಸ ಬೀಳುತ್ತಲಿದೆ. ದಾವಣಗೆರೆ ಹರಿಹರಗಳ ವಿದ್ಯಾವಂತ ಮನೆಗಳಲ್ಲಿ ಇಂದು ನೆಲೆಸಿರುವ ಅಭಿಮಾನವು ಇವೆರಡರಲ್ಲಿ ಯಾವುದು ಎಂಬುದನ್ನು ದಾಕ್ಷಿಣ್ಯವಿಲ್ಲದೆ ವಿಚಾರಿಸುವ ಕಾಲವು ಬಂದಿರುವುದು.

ಈಗ ಎಲ್ಲೆಡೆಯೂ ಕೇಳಿಬರುವ ವಾದವು ಇಂತಿದೆ: ನೆಚ್ಚಿನ ನಟನು ಬಾಗಲಕೋಟೆಯಲ್ಲಿ ಆಡಲಿ, ಬೆಳಗಾವಿಯಲ್ಲಿ ಆಡಲಿ, ಅವನ ಮಾತಿನ ತುಣುಕು ಮರುದಿನ ಬೆಳಗಾಗುವುದರೊಳಗೆ ಅಂಗೈಯ ಮೊಬೈಲಿಗೆ ಬಂದು ಬೀಳುವುದು. ಹೀಗಿರುವಾಗ ಟಿಕೇಟು ಕೊಳ್ಳುವುದೇಕೆ? ನಿದ್ದೆಗೆಡುವುದೇಕೆ? ಸಂಜಯನ ಬಾಯಿಂದ ಧೃತರಾಷ್ಟ್ರನು ಹಸ್ತಿನಾವತಿಯಲ್ಲಿ ಕುಳಿತೇ ಕುರುಕ್ಷೇತ್ರವನ್ನು ಅರಿಯಲಿಲ್ಲವೇ? ಗುರುವಿನ ಸನ್ನಿಧಿಯಿಲ್ಲದೆಯೇ ಏಕಲವ್ಯನು ಬಿಲ್ವಿದ್ಯೆಯನ್ನು ಕಲಿಯಲಿಲ್ಲವೇ? ಅಭಿಮಾನವು ಮನಸ್ಸಿನ ಧರ್ಮವಾದುದರಿಂದ ಅದಕ್ಕೆ ದೂರವೂ ಇಲ್ಲ, ಸಮೀಪವೂ ಇಲ್ಲ ಎಂದು ಈ ವಾದಿಗಳು ಸಿದ್ಧಾಂತ ಮಾಡಿರುವರು.

ದೃಷ್ಟಾಂತಗಳೇನೋ ರಮಣೀಯವಾಗಿವೆ. ಆದರೆ ಅವು ವಾದಿಗಳಿಗೇ ಪ್ರತಿಕೂಲವಾಗಿ ನಿಲ್ಲುವುವು. ಧೃತರಾಷ್ಟ್ರನು ಸಂಜಯನ ಬಾಯಿಂದ ಯುದ್ಧವನ್ನೆಲ್ಲ ಕೇಳಿದನು. ಕೇಳಿ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಲಿಲ್ಲ. ಮೇಲಾಗಿ ಅವನು ಕುರುಡನು. ಕಣ್ಣುಳ್ಳವರು ಅವನನ್ನು ಆದರ್ಶವಾಗಿಟ್ಟುಕೊಳ್ಳುವುದು ವಿಚಿತ್ರವಲ್ಲವೇ? ಇನ್ನು ಏಕಲವ್ಯನು ಮಣ್ಣಿನ ಗುರುವಿನ ಮುಂದೆ ನಿಂತು ಹಗಲಿರುಳು ಬಾಣ ಬಿಟ್ಟವನು. ಕೇಳಿದಾಗ ಹೆಬ್ಬೆರಳನ್ನೇ ಕೊಟ್ಟವನು. ಇಂದಿನ ಅಭಿಮಾನಿಯು ಹೆಬ್ಬೆರಳನ್ನು ಕೊಡುವುದಿಲ್ಲ. ಮೊಬೈಲಿನ ಮೇಲೆ ಆಡಿಸುವನು, ಅಷ್ಟೆ.

ದೂರದಿಂದ ನಟರನ್ನು ಹಿಂಬಾಲಿಸುವುದು ಈ ಊರುಗಳಿಗೆ ಹೊಸದೇನೂ ಅಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯವರು 1934ರಲ್ಲಿ ‘ಕುರುಕ್ಷೇತ್ರ’ವನ್ನು ಆಡಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರೆಂಬ ಸುದ್ದಿಯು ನಾಡಿನಲ್ಲೆಲ್ಲ ಹಬ್ಬಿತ್ತು. ದಾವಣಗೆರೆಯ ಮಣ್ಣಿನಲ್ಲಿಯೇ ಚಿಂದೋಡಿ ವೀರಪ್ಪನವರು 1928ರಲ್ಲಿ ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯು ಊರಿಂದೂರಿಗೆ ಮೊಕ್ಕಾಂ ಹೂಡುತ್ತ ನಾಡನ್ನು ಸುತ್ತಿತು. ವೀರಪ್ಪನವರ ಮಗಳು ಚಿಂದೋಡಿ ಲೀಲಾ ಅವರು ‘ಪೊಲೀಸನ ಮಗಳು’, ‘ಹಳ್ಳಿ ಹುಡುಗಿ’ ಮೊದಲಾದ ನಾಟಕಗಳಿಂದ ಉತ್ತರ ಕರ್ನಾಟಕದ ಜನರ ಮನೆಮಾತಾದರು. 1988ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಅವರನ್ನು ಅರಸಿ ಬಂದಿತು. 2010ರಲ್ಲಿ ಅವರು ಕಾಲವಾದರು. ಕಂಪನಿಯು ಪರಸ್ಥಳದಲ್ಲಿದ್ದಾಗ ತವರೂರಿನವರಿಗೆ ಅದರ ಸಮಾಚಾರವು ವ್ಯಾಪಾರಕ್ಕೆ ಹೋಗಿಬಂದವರ ಬಾಯಿಂದ ಬರಬೇಕು, ಇಲ್ಲವೇ ಪತ್ರಿಕೆಯ ಮೂಲೆಯಿಂದ ಬರಬೇಕು. ಅಂದಿನ ದೂರವು ಹಸಿವನ್ನು ಹುಟ್ಟಿಸುತ್ತಿದ್ದಿತು. ಕಂಪನಿಯು ಮರಳಿ ಬಂದು ಗೂಟ ಹೊಡೆದ ದಿನ ಆ ಹಸಿವು ಟಿಕೇಟಿನ ಕಿಂಡಿಯ ಮುಂದೆ ಬಂದು ನಿಲ್ಲುತ್ತಿದ್ದಿತು. ಇಂದಿನ ತುಣುಕು ಹಸಿವನ್ನು ಹುಟ್ಟಿಸುವುದಿಲ್ಲ, ಕೊಲ್ಲುವುದು. ಊಟಕ್ಕೆ ಮುಂಚೆ ಮಂಡಕ್ಕಿಯಿಂದ ಹೊಟ್ಟೆ ತುಂಬಿಸಿಕೊಂಡ ಮಗುವಿನಂತೆ ಅಭಿಮಾನಿಯು ಎಲೆಯ ಮುಂದೆ ಕೂಡಲು ಒಲ್ಲೆನೆನ್ನುವನು.

ದೂರದ ಅಭಿಮಾನವು ಸತ್ಯವಾಗಿದ್ದರೆ ಏನನ್ನು ಮಾಡಬಲ್ಲುದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಬೀಳಗಿಯ ಕಡೆಯ ಗೋಹರಬಾಯಿ ಕರ್ನಾಟಕಿಯವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ಗಾಯನವನ್ನು ಧ್ವನಿಮುದ್ರಿಕೆಗಳಲ್ಲಿ ಕೇಳಿ ಕೇಳಿ ಅದೇ ಧಾಟಿಯನ್ನು ಕಂಠಗತ ಮಾಡಿಕೊಂಡರು. ಆ ಶ್ರವಣವು ಅವರನ್ನು ಮನೆಯಲ್ಲಿ ಕೂಡಲು ಬಿಡಲಿಲ್ಲ. 1930ರ ದಶಕದ ಕೊನೆಯ ವರ್ಷಗಳಲ್ಲಿ ಅವರು ಬಾಲಗಂಧರ್ವರ ಕಂಪನಿಯನ್ನೇ ಸೇರಿ, ಕಷ್ಟದಲ್ಲಿದ್ದ ಆ ಕಂಪನಿಗೆ ಸ್ತ್ರೀಪಾತ್ರಗಳಿಂದ ಊರೆಗೋಲಾದರು. ತಟ್ಟೆಯೊಳಗಿನ ಧ್ವನಿಯು ರಂಗದ ಕಡೆಗೆ ದಾರಿಯನ್ನು ತೋರಿಸಿದ್ದರಿಂದ ಅದು ಸಾರ್ಥಕವಾಯಿತು. ಆದುದರಿಂದ ಇಲ್ಲಿ ಯಂತ್ರವನ್ನು ದೂಷಿಸುವ ಪ್ರಸಕ್ತಿಯೇ ಇಲ್ಲ. ವೃದ್ಧರು, ರೋಗಿಗಳು, ಹೊಟ್ಟೆಪಾಡಿಗಾಗಿ ಪರದೇಶ ಸೇರಿದವರು ತುಣುಕನ್ನು ನೋಡಿ ಸಮಾಧಾನಪಟ್ಟರೆ ಅದು ವಿಧಿವಶವಾದ ದೂರ, ಅದರಲ್ಲಿ ದೋಷವಿಲ್ಲ. ನಾಟಕದ ಶೆಡ್ಡಿನಿಂದ ಒಂದು ಮೈಲಿಯೊಳಗೆ ಮನೆಯಿದ್ದು, ಕಾಲಿನಲ್ಲಿ ಬಲವೂ ಜೇಬಿನಲ್ಲಿ ಕಾಸೂ ಇದ್ದು, ‘ದೂರದಿಂದಲೇ ಅಭಿಮಾನಿ’ ಎನ್ನುವವರಿಗಾಗಿ ಈ ಮಾತು.

ನಾಟ್ಯಕ್ಕೂ ದೂರಕ್ಕೂ ಇರುವ ವಿರೋಧವನ್ನು ಭರತಮುನಿಯು ತನ್ನ ಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿಯೇ ಗೊತ್ತುಮಾಡಿರುವನು. ಮನುಷ್ಯರಿಗೆ ಯೋಗ್ಯವಾದ ನಾಟ್ಯಗೃಹವು 64 ಮೊಳ ಉದ್ದ, 32 ಮೊಳ ಅಗಲವಿರಬೇಕು. ಅದಕ್ಕೂ ಹಿರಿದಾದರೆ ಮಾತು ಸ್ಫುಟವಾಗದು, ಮುಖದ ಮೇಲಣ ಭಾವವು ಕಾಣದು ಎಂಬುದು ಅವನ ಅಭಿಪ್ರಾಯ. ನೂರು ಅಡಿಗೂ ಕಡಮೆಯಾದ ಮಂಟಪದಲ್ಲಿಯೇ ಹಿಂದಿನ ಸಾಲಿನವನಿಗೆ ನಾಟ್ಯವು ಕೈತಪ್ಪೀತೆಂದು ಮುನಿಯು ಅಂಜಿದನು. ಇಂದಿನ ಯಂತ್ರವು ಮುಖವನ್ನು ಹತ್ತಿರಕ್ಕೆ ತಂದು ತೋರಿಸುವುದಲ್ಲ ಎಂದು ಆಕ್ಷೇಪಿಸಬಹುದು. ಅಹುದು, ಮುಖವನ್ನು ತೋರಿಸುವುದು. ಆದರೆ ನೋಡುವವನ ಮುಖವನ್ನು ನಟನಿಗೆ ತೋರಿಸುವುದೇನು? ನಾಟ್ಯವು ಒಮ್ಮುಖದ ವ್ಯಾಪಾರವಲ್ಲ. ನಾಟಕವು ಸಿದ್ಧಿಸಿತೆಂಬುದಕ್ಕೆ ಭರತನು ಹೇಳುವ ಗುರುತುಗಳೆಲ್ಲ ಪ್ರೇಕ್ಷಕರಲ್ಲಿ ತೋರುವಂತಹವು: ನಸುನಗೆ, ನಗೆ, ‘ಸಾಧು’ ಎಂಬ ಉದ್ಗಾರ, ‘ಕಷ್ಟ, ಕಷ್ಟ’ ಎಂಬ ಮರುಕ, ರೋಮಾಂಚ, ಆಸನವನ್ನು ಬಿಟ್ಟು ಏಳುವುದು, ಉತ್ತರೀಯವನ್ನೂ ಉಂಗುರವನ್ನೂ ಎಸೆಯುವುದು. ಇವೆಲ್ಲ ಮಾನುಷ ಸಿದ್ಧಿ. ಇದಕ್ಕೂ ಮೇಲಾದ ದೈವೀ ಸಿದ್ಧಿಯೆಂದರೆ ಗದ್ದಲವಿಲ್ಲದೆ, ಕ್ಷೋಭೆಯಿಲ್ಲದೆ ರಂಗವು ತುಂಬಿರುವುದು. ಖಾಲಿ ಬೆಂಚುಗಳ ಮುಂದೆ ಎಂತಹ ನಟನಾದರೂ ಈ ಸಿದ್ಧಿಯನ್ನು ಪಡೆಯಲಾರನು.

ಅಭಿನವಗುಪ್ತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವನು. ಸಭೆಯಲ್ಲಿ ಕುಳಿತವರೆಲ್ಲರ ಅನುಭವವು ಒಂದಾಗಿ ಘನೀಭವಿಸಿದಾಗಲೇ ರಸವು ಪುಷ್ಟಿಗೊಳ್ಳುವುದೆಂದು ಆತನ ಮತ. ಪಕ್ಕದ ಅಪರಿಚಿತನ ನಿಟ್ಟುಸಿರು ತನ್ನ ನಿಟ್ಟುಸಿರಾಗುವ ಆ ಗಳಿಗೆಯು ಒಂಟಿಯಾಗಿ ಮೊಬೈಲು ಹಿಡಿದವನಿಗೆ ಎಲ್ಲಿಂದ ಬರಬೇಕು? ತನ್ನ ಸುಖದುಃಖಗಳಲ್ಲಿಯೇ ಮೈಮರೆತಿರುವುದನ್ನು ಆತನು ರಸವಿಘ್ನಗಳಲ್ಲಿ ಒಂದಾಗಿ ಎಣಿಸಿರುವನು. ಸೀತೆಯ ಶೋಕದ ನಡುವೆ ಹಾಲಿನವನ ಕರೆಗೆ ಉತ್ತರ ಕೊಟ್ಟು, ಮತ್ತೆ ಶೋಕಕ್ಕೆ ಮರಳುವವನು ಆ ವಿಘ್ನವನ್ನು ಕೈಯಲ್ಲಿಯೇ ಹಿಡಿದುಕೊಂಡಿರುವನು.

ಕಂಪನಿ ನಾಟಕಗಳಲ್ಲಿ ‘ಒನ್ಸ್‌ಮೋರ್’ ಎಂಬ ಪದ್ಧತಿಯಿದ್ದಿತು. ಹಾಡು ಮೆಚ್ಚಿಗೆಯಾದರೆ ಸಭಿಕರು ಕೂಗುವರು. ದಣಿದ ಗಾಯಕನು ಒಪ್ಪಿ ಮತ್ತೆ ಹಾಡುವನು. ಎರಡನೆಯ ಸಲ ಅದೇ ಹಾಡು ಬೇರೊಂದಾಗುವುದು. ಕಥೆಯ ಓಟಕ್ಕೆ ಅದರಿಂದ ಭಂಗವಾಗುತ್ತಿದ್ದುದು ನಿಜ. ಆದರೂ ಅಲ್ಲಿ ಬೇಡುವವನೊಬ್ಬನು, ಕೊಡುವವನೊಬ್ಬನು ಇದ್ದರು. ತುಣುಕನ್ನು ನೂರು ಸಲ ತಿರುಗಿಸಿ ನೋಡುವವನಿಗೆ ಒನ್ಸ್‌ಮೋರೇ ಇಲ್ಲ. ಬೇಡಲು ಯಾರೂ ಇಲ್ಲದೆಡೆಯಲ್ಲಿ ಪಡೆಯುವುದೂ ಇಲ್ಲ.

ಎರಡನೆಯ ವಾದವು ಕೀರ್ತಿಯದು. ದೂರದವರ ಹೊಗಳಿಕೆಯಿಂದ ನಟನ ಹೆಸರು ಹಬ್ಬುವುದು, ಅದರಿಂದ ಅವನಿಗೆ ಉಪಕಾರವೇ ಅಲ್ಲವೇ ಎಂದು ಕೇಳುವರು. ಹೆಸರು ಹಬ್ಬುವುದು ಒಬ್ಬನದು. ಕಂಪನಿಯು ಹತ್ತಾರು ಜನರದು. ಪರದೆ ಎಳೆಯುವವನು, ಹಾರ್ಮೋನಿಯಂ ತಬಲಾಗಳವರು, ದೀಪದವನು, ಅಡಿಗೆಯವನು, ತಾಯಿಯೊಡನೆ ಊರೂರು ಅಲೆಯುತ್ತ ಶಾಲೆ ಬದಲಿಸುವ ಮಗು, ಇವರೆಲ್ಲರ ಅನ್ನವು ಆ ರಾತ್ರಿಯ ಕಲೆಕ್ಷನ್ನಿನಿಂದ ಬೇಯತಕ್ಕದ್ದು. ಜಾಗದ ಬಾಡಿಗೆ, ವಿದ್ಯುತ್ತಿನ ಬಿಲ್ಲು, ಲಾರಿಯ ಬಾಡಿಗೆಗಳನ್ನು ಹೊಗಳಿಕೆಯಿಂದ ತೀರಿಸಲಾಗದು. ಲಕ್ಷ ಜನರು ನೋಡಿ ನಕ್ಕ ತುಣುಕಿನ ನಟನು ಅದೇ ಸಂಜೆ ಮೂರು ಸಾಲು ಜನರ ಮುಂದೆ ಬಣ್ಣ ಹಚ್ಚಿಕೊಂಡು ನಿಲ್ಲಬಹುದು. ಇದಕ್ಕಿಂತ ಕ್ರೂರವಾದ ಜನಪ್ರಿಯತೆಯುಂಟೇ?

ಮೂರನೆಯ ವಾದವೇ ಮುಖ್ಯವಾದುದು. ಇದನ್ನು ಹೇಳುವವರು ಬಹುಮಟ್ಟಿಗೆ ಸಭ್ಯರು, ಓದಿದವರು. ‘ಇಂದಿನ ಕಂಪನಿ ನಾಟಕಗಳಲ್ಲಿ ದ್ವಂದ್ವಾರ್ಥದ ಹಾಸ್ಯವು ಮಿತಿಮೀರಿದೆ, ಹೆಣ್ಣುಮಕ್ಕಳೊಡನೆ ಕುಳಿತು ನೋಡುವಂತಿಲ್ಲ, ಆದುದರಿಂದ ಹಿಂದಿನವರನ್ನು ನೆನೆಯುತ್ತ, ಒಳ್ಳೆಯದನ್ನಷ್ಟೇ ಆರಿಸಿ ಮನೆಯಲ್ಲಿ ನೋಡುವುದೇ ಮೇಲು’ ಎಂದು ಇವರ ಅಂಬೋಣ. ಆಕ್ಷೇಪದಲ್ಲಿ ಸತ್ಯಾಂಶವಿದೆ, ಅದನ್ನು ಮರೆಮಾಚಬೇಕಾದುದಿಲ್ಲ. ಆದರೆ ಕಾರಣ ಯಾವುದು, ಕಾರ್ಯ ಯಾವುದು? ನಟನು ಚಪ್ಪಾಳೆಯ ದಿಕ್ಕಿಗೆ ತಿರುಗುವನು. ಅದು ಅವನ ಹೊಟ್ಟೆಯ ಧರ್ಮ. ವಿವೇಕಿಗಳು ಬೆಂಚನ್ನು ಬಿಟ್ಟೆದ್ದ ಮೇಲೆ ಚಪ್ಪಾಳೆಯನ್ನು ತೂಗಿ ಕೊಡುವವರು ಯಾರು? ನಾಟ್ಯವನ್ನು ಪರೀಕ್ಷಿಸಲು ಪ್ರಾಶ್ನಿಕರು ಸಭೆಯಲ್ಲಿರಬೇಕೆಂದು ಭರತನು ವಿಧಿಸಿರುವನು. ಛಂದಸ್ಸನ್ನು ಬಲ್ಲವನು, ಶಬ್ದವನ್ನು ಬಲ್ಲವನು, ಚಿತ್ರಕಾರ, ಗಾಯಕ, ನರ್ತಕ ಎಂದು ಅವರನ್ನು ಹೆಸರಿಸಿಯೂ ಇರುವನು. ಇಂದಿನ ಊರುಗಳಲ್ಲಿ ಪ್ರಾಶ್ನಿಕರೆಂದರೆ ವ್ಯಾಕರಣದ ಪಂಡಿತರು, ಸಂಗೀತದ ಮೇಷ್ಟ್ರು, ವಕೀಲರು, ವೈದ್ಯರು, ಸಾಹಿತ್ಯಸಂಘದ ಸದಸ್ಯರು. ಪರೀಕ್ಷಕನು ಪರೀಕ್ಷಾಮಂದಿರಕ್ಕೆ ಬಾರದೆ ವಿದ್ಯಾರ್ಥಿಯು ನಪಾಸಾದನೆಂದು ಮನೆಯಿಂದಲೇ ಸಾರುವುದು ಯಾವ ನ್ಯಾಯ?

ಇದರ ಮೇಲೆ ಇನ್ನೊಂದು ಅನರ್ಥವೂ ಸೇರಿದೆ. ದೂರಾಭಿಮಾನಿಯು ಮೂರು ಗಂಟೆಯ ನಾಟಕವನ್ನು ನೋಡುವುದಿಲ್ಲ. ಮೂರು ನಿಮಿಷದ ನಗೆಯನ್ನು ನೋಡುವನು. ಹಂಚಿಕೆಯಾಗುವುದು ಆ ನಗೆಯೇ ಹೊರತು ಅದರ ಹಿಂದಿನ ಕಥಾಸಂವಿಧಾನವಲ್ಲ. ಇದನ್ನು ಕಂಡ ಕಂಪನಿಯವರು ನಾಟಕವನ್ನು ಹೊಸೆಯುವುದನ್ನು ಬಿಟ್ಟು ತುಣುಕುಗಳನ್ನು ಪೋಣಿಸಲು ತೊಡಗುವರು. ಆಗ ಯಾವ ಅಶ್ಲೀಲಕ್ಕೆ ಮೂಗು ಮುರಿದು ಸಭ್ಯರು ಮನೆ ಸೇರಿದರೋ ಆ ಅಶ್ಲೀಲಕ್ಕೆ ಮನೆಯಿಂದಲೇ ನೀರೆರೆದಂತಾಯಿತು.

ದೂರದ ಬೆಟ್ಟ ನುಣ್ಣಗೆ, ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗಳೆರಡೂ ಇಲ್ಲಿ ಒಟ್ಟಿಗೆ ಸತ್ಯವಾಗಿವೆ. ಬೆಂಗಳೂರಿನ ನಟನ ಹುಟ್ಟುಹಬ್ಬವನ್ನು ಬಲ್ಲ ಮನೆಗೆ ಹರಿಹರದಲ್ಲಿ ಯಾವ ಕಂಪನಿಯು ಮೊಕ್ಕಾಂ ಮಾಡಿದೆಯೆಂಬುದು ತಿಳಿಯದು. ನಡುವಣ ಹಾದಿ ಸುಮಾರು 14 ಕಿಲೋಮೀಟರು ಮಾತ್ರ. ಸರಕಾರವು ವೃತ್ತಿರಂಗಭೂಮಿಗೆಂದೇ ದಾವಣಗೆರೆಯಲ್ಲಿ ರಂಗಾಯಣವೊಂದನ್ನು ಸ್ಥಾಪಿಸಿರುವುದು. ಸರಕಾರವು ಕಟ್ಟಡವನ್ನು ಕೊಡಬಹುದು, ಸಂಬಳವನ್ನು ಕೊಡಬಹುದು. ಪ್ರೇಕ್ಷಕನನ್ನು ಮಾತ್ರ ಊರೇ ಕೊಡಬೇಕು.

ಆದುದರಿಂದ ಮಾಡತಕ್ಕದ್ದು ಬಹಳವೇನೂ ಇಲ್ಲ. ಕಂಪನಿಯು ಊರಿಗೆ ಬಂದಾಗ ಪ್ರತಿಯೊಂದು ವಿದ್ಯಾವಂತ ಮನೆಯೂ ತಿಂಗಳಿಗೊಂದು ನಾಟಕವನ್ನು ಟಿಕೇಟು ಕೊಂಡು, ಮೊಬೈಲನ್ನು ಆರಿಸಿಟ್ಟು, ಮಂಗಳದ ತನಕ ನೋಡಲಿ. ಉಚಿತ ಪಾಸು ಬೇಡುವ ಅಭ್ಯಾಸವನ್ನು ಗಣ್ಯರು ಮೊದಲು ಬಿಡಲಿ. ಚೆನ್ನಾಗಿದ್ದರೆ ಪರದೆಯ ಹಿಂದೆ ಹೋಗಿ ಹೇಳಲಿ. ಮಾತು ಕೆಟ್ಟಿದ್ದರೆ ಅದನ್ನೂ ಅಲ್ಲಿಯೇ ಮುಖಕ್ಕೆ ಮುಖ ಕೊಟ್ಟು ಹೇಳಲಿ. ಟಿಕೇಟು ಕೊಂಡವನ ನಿಂದೆಯನ್ನು ಕಂಪನಿಯ ಯಜಮಾನನು ಕೇಳಿಯೇ ಕೇಳುವನು. ಕೊಳ್ಳದವನ ಸ್ತುತಿಯನ್ನು ಅವನು ಕೇಳಬೇಕಾದುದಿಲ್ಲ. ಜಿಲ್ಲೆಯ ಸಾಹಿತ್ಯಸಂಘಗಳು ಪುಸ್ತಕಗಳನ್ನು ವಿಮರ್ಶಿಸುವಂತೆ ಊರಿನಲ್ಲಿ ನಡೆದ ನಾಟಕಗಳನ್ನೂ ಗುಣದೋಷಸಹಿತವಾಗಿ ವಿಮರ್ಶಿಸಲಿ. ದೂರದ ಊರಿನಲ್ಲಿರುವ ಬಂಧುಗಳಿಗೆ ತುಣುಕನ್ನು ಕಳುಹಿಸುವವರು ನಾಟಕವನ್ನು ನೋಡಿದ ಬಳಿಕ ಕಳುಹಿಸಲಿ.

ಹರಿಹರದಲ್ಲಿ ತುಂಗಭದ್ರೆಯ ದಡದ ಮೇಲೆ 1224ರಲ್ಲಿ ಹೊಯ್ಸಳ ನರಸಿಂಹನ ದಂಡನಾಥನಾದ ಪೋಲಾಳ್ವನು ಕಟ್ಟಿಸಿದ ದೇಗುಲದಲ್ಲಿ ಒಂದೇ ವಿಗ್ರಹವಿದೆ. ಬಲಭಾಗ ಹರ, ಎಡಭಾಗ ಹರಿ. ಯಾವ ಭಾಗವು ಹೆಚ್ಚಿನದೆಂಬ ಜಗಳಕ್ಕೆ ಆ ಶಿಲ್ಪಿಯು ಎಡೆಗೊಡಲಿಲ್ಲ; ಒಂದನ್ನು ಕಡಿದರೆ ಇನ್ನೊಂದು ದೇವರಾಗಿ ಉಳಿಯದು, ಬರಿಯ ಕಲ್ಲಾಗುವುದು. ರಂಗದ ಮೇಲಣವನೂ ರಂಗದ ಮುಂದಣವನೂ ಕೂಡಿದ ಮೂರ್ತಿಯೇ ನಾಟಕ. ಅದರ ಅರ್ಧಭಾಗವು ಇಂದಿಗೂ ಈ ಊರುಗಳಲ್ಲಿ ಸಂಜೆಯಾದೊಡನೆ ಬಣ್ಣ ಹಚ್ಚಿಕೊಂಡು, ಗೆಜ್ಜೆ ಕಟ್ಟಿಕೊಂಡು, ಪರದೆಯ ಸಂದಿನಿಂದ ಬೆಂಚುಗಳ ಕಡೆಗೆ ನೋಡುತ್ತ ನಿಂತಿರುವುದು. ಉಳಿದರ್ಧವು ಮನೆಯಿಂದ ಹೊರಡಬೇಕಾಗಿದೆ.