ಚೆಂಡಿನ ಮ್ಯಾಲೆ ಕೂಸಿನ ಹೆಸರು ಇರ್ಲಿ

ಅಕ್ಕಾರ, ವೈನಿಗಳ, ಈ ವಾರ ಅಡಗಿ ಇಲ್ಲ, ಹಬ್ಬಾನೂ ಇಲ್ಲ. ಜಗಳಾ ತಗೀಲಿಕ್ಕೆ ಬಂದೇನಿ. ಯಾರ ಜೋಡಿ ಅಂದ್ರ, ಅಮೇರಿಕಾದಾಗ ಬೇಸ್‌ಬಾಲ್ ಆಟಗಾರರ ಸಹಿ ತೊಗೊಳ್ಳಿಕ್ಕೆ ಸಣ್ಣ ಹುಡುಗರನ್ನ ಮುಂದ ದಬ್ಬಿ, ಹಿಂದ ತಾವು ಚೀಲಾ ಹಿಡಕೊಂಡು ನಿಲ್ಲೋ ದೊಡ್ಡವರ ಜೋಡಿ. ಅವರೊಳಗ ನಮ್ಮ ಮಂದೀನೂ ಇದ್ದಾರ, ಅದಕ್ಕ ಬರೀಲಿಕ್ಕತ್ತೇನಿ.

ನಮ್ಮೊಳಗ ಎಷ್ಟೋ ಜನ ಮಗಳ ಬಾಣಂತನಕ್ಕೋ, ಮೊಮ್ಮಕ್ಕಳನ್ನ ನೋಡ್ಲಿಕ್ಕೋ ಆರು ತಿಂಗಳು ಅಲ್ಲೆ ಹೋಗಿ ಬರೋರು. ಅಲ್ಲೆ ಬೆಳದ ಹುಡುಗರಿಗೆ ಕ್ರಿಕೆಟ್‌ಕಿಂತ ಬೇಸ್‌ಬಾಲ್ ಹತ್ರ. ಒಂದಿಲ್ಲ ಒಂದಿನ ನಮ್ಮನ್ನೂ ಸ್ಟೇಡಿಯಂಗೆ ಕರಕೊಂಡು ಹೋಗೇ ಹೋಗ್ತಾರ. ಹೋಗೂಕಿಂತ ಮೊದಲ ಇಷ್ಟು ಓದ್ರಿ.

ಅಲ್ಲಿ ಪದ್ಧತಿ ಭಾಳ ಛಲೋ ಅದ. ಆಟಾ ಸುರು ಆಗೂಕಿಂತ ತಾಸು, ಎರಡು ತಾಸು ಮೊದಲ ಗೇಟು ತಗೀತಾರ. ಹುಡುಗರು ಆಟಗಾರರು ಕೂಡೋ ಜಾಗಾದ ಬಾಜೂಕ, ರೇಲಿಂಗ್ ಹತ್ರ, ಚೆಂಡು ಪೆನ್ನು ಹಿಡಕೊಂಡು ನಿಲ್ತಾರ. ಮನಸ್ಸಿದ್ದ ಆಟಗಾರ ಬಂದು ಸಹಿ ಹಾಕ್ತಾನ, ಮನಸ್ಸಿಲ್ಲದಾಂವ ಕೈ ಬೀಸಿ ಒಳಗ ಹೋಗ್ತಾನ. ಫೆಬ್ರವರಿ, ಮಾರ್ಚ್ ತಿಂಗಳದಾಗಂತೂ 30 ಟೀಮಿನವರೂ ತಾಲೀಮಿಗೆ ಹೋಗಿರ್ತಾರ, 15 ಟೀಮು ಅರಿಝೋನಾಕ್ಕ, 15 ಫ್ಲೋರಿಡಾಕ್ಕ. ಅಲ್ಲಿ ಸ್ಟೇಡಿಯಂ ಸಣ್ಣವು, ಆಟಗಾರರು ಕೈಗೆ ಸಿಗೋ ಅಷ್ಟು ಹತ್ರ.

ಚೆಂಡು ಬಿಳೇ ಚರ್ಮದ್ದು, ಕೆಂಪು ದಾರದ್ದು 108 ಜೋಡು ಹೊಲಿಗಿ. ಎರಡೂ ಕಡೆ ಹೊಲಿಗಿ ಹತ್ರಹತ್ರ ಬರೋ ಇಕ್ಕಟ್ಟು ಜಾಗಾಕ್ಕ ಸ್ವೀಟ್ ಸ್ಪಾಟ್ ಅಂತಾರ. ಅಲ್ಲೆ ನೀಲಿ ಬಾಲ್‌ಪೆನ್ನಿಲೆ ಹಾಕಿದ ಸಹಿಗೆ ಭಾಳ ಮಾನ. ಮಾರ್ಕರ್ ಪೆನ್ನು ಬ್ಯಾಡ, ಬಿಳೇ ಪಂಚಿ ಮ್ಯಾಲೆ ಮಸಿ ಬಿದ್ದಂಗ ಹರಡತದ.

ಈಗ ಜಗಳದ ಮಾತು. ಹೋದ ಸಲ ಅರಿಝೋನಾದಾಗ ನಾ ಕಣ್ಣಾರೆ ನೋಡಿದ್ದು ಹೇಳ್ತೇನಿ. ಒಬ್ಬರು, ಮಾತು ಕೇಳಿದ್ರ ನಮ್ಮ ಕಡೇವರ, ಇಬ್ಬರು ಹುಡುಗರನ್ನ ನಿಲ್ಲಿಸಿದ್ರು. "ಹೆಸರು ಬರಸಬ್ಯಾಡ್ರಿ, ಬರೇ ಸಹಿ ಹಾಕಿಸ್ರಿ" ಅಂತ ಪಾಠ. ಒಂದು ಸಹಿ ಆತು, ಚೆಂಡು ಚೀಲದಾಗ ಹೋತು, ಹೊಸಾ ಚೆಂಡು ಕೈಗೆ ಬಂತು. ಮೂರನೇ ಸಲಕ್ಕ ಆಟಗಾರ ಗುರುತು ಹಿಡದು "ನಿನಗ ಆಗಲೇ ಹಾಕಿಕೊಟ್ಟೇನಲ್ಲಪಾ" ಅಂದ. ಹುಡುಗ ತಲಿ ಕೆಳಗ ಹಾಕಿದ. ಆಟಗಾರ ಪೆನ್ನು ತಿರುಗಿ ಕೊಟ್ಟು ಹೊಂಟ. ಹಿಂದ ಆರು ವರ್ಷದ ಹುಡುಗಿ ಒಂದು, ಚೆಂಡು ಎತ್ತಿ ಹಿಡದಿದ್ದು ಹಂಗ ಇತ್ತು.

ಹೆಸರು ಯಾಕ ಬ್ಯಾಡ ಗೊತ್ತದಯೇನು? ಇಂಥಾ ಹುಡುಗಗ ಅಂತ ಹೆಸರು ಬರದ ಚೆಂಡಿಗೆ ಪ್ಯಾಟಿಯೊಳಗ ಕಿಮ್ಮತ್ತು ಕಡಿಮಿ. ಬ್ಯಾರೆಯವರ ಹುಡುಗನ ಹೆಸರು ಇದ್ದದ್ದು ಯಾರಿಗೆ ಬೇಕ್ರೀ? ಹುಡುಗನ ಕಡಿಂದ ಹುಡುಗನ ಹೆಸರೇ ಅಳಿಸೋ ಈ ವ್ಯಾಪಾರ ನನಗ ಸೇರಂಗಿಲ್ಲ.

"ಏನ್ ತಪ್ಪದ? ಟಿಕೀಟಿಗೆ ರೊಕ್ಕಾ ಕೊಟ್ಟೇವಿ, ಮುಂದ ಅವನ ಕಾಲೇಜಿಗೇ ಆಗ್ತದ" ಅಂತಾರ. ಸಹಿ ಖರೀದಿ ಮಾಡೋದು ಪಾಪ ಅಂತ ನಾ ಎಲ್ಲೆ ಅಂದೆ? ಅದಕ್ಕ ಬ್ಯಾರೆ ಜಾಗಾನೇ ಅದ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಾಗ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಅದ. ಬ್ಯಾಸಗ್ಯಾಗ ಹೊಸಬರನ್ನ ಸೇರಿಸ್ಕೊಳ್ಳೋ ಸಮಾರಂಭದ ಹೊತ್ತಿಗೆ ಹಳೇ ಆಟಗಾರರು ಅಲ್ಲೆ ಬೀದಿಯೊಳಗ ಟೇಬಲ್ ಹಾಕ್ಕೊಂಡು ಕೂತು ರೊಕ್ಕಕ್ಕ ಸಹಿ ಹಾಕ್ತಾರ. ಅಲ್ಲೆ ಹೋಗ್ರಿ, ಪಾಳಿ ಹಚ್ಚರಿ, ಎಣಿಸಿ ಕೊಡ್ರಿ. ರೇಲಿಂಗ್ ಹತ್ರ ಸಿಗೋದು ಉಡುಗೊರಿ. ಅರಿಷಿಣ-ಕುಂಕುಮಕ್ಕ ಕರದು ಉಡಿ ತುಂಬಿದ ಖಣಾ ನಾವು ಒಬ್ಬರದು ಒಬ್ಬರಿಗೆ ದಾಟಸ್ತೇವಿ, ಹೌದು, ಎಲ್ಲಾರಿಗೂ ಗೊತ್ತದ. ಆದ್ರ ಯಾರರೆ ಅಂಗಡಿಗೆ ಒಯ್ದು ಮಾರ್ತೇವೇನು?

ಈ ಮಾರಾಟದ ಹುಚ್ಚು ಎಲ್ಲಿ ತನಕ ಹೋಗಿತ್ತು ಅನ್ನೋದೂ ಕೇಳ್ರಿ. 1990ರ ದಶಕದಾಗ ಟೋನಿ ಗ್ವಿನ್ ಅನ್ನೋ ದೊಡ್ಡ ಆಟಗಾರ ಸ್ಯಾನ್ ಡಿಯೇಗೋದಾಗ ತನ್ನ ಟೀಮಿನ ಅಂಗಡಿಯೊಳಗ ತನ್ನ ಸಹಿಯ ಸಾಮಾನು ನೋಡಿದ, ಸಹಿ ತಂದಲ್ಲ! ಎಫ್‌ಬಿಐ ಇಂಥಾ ಖೋಟಾ ಸಹಿ ಹಿಡೀಲಿಕ್ಕೆ ಆಪರೇಷನ್ ಬುಲ್‌ಪೆನ್ ಅಂತ ಮಾಡಿತು. ಹಿಡದ ಮಾಲಿನಾಗ ಮದರ್ ತೆರೇಸಾ ಸಹಿ ಇದ್ದ ಬೇಸ್‌ಬಾಲೂ ಇದ್ದವು. ನಗಬೇಕೋ ಅಳಬೇಕೋ! 2001ರಿಂದ ಮೇಜರ್ ಲೀಗಿನವರು ತಮ್ಮ ಸಾಕ್ಷಿದಾರನ ಎದುರಿಗೆ ಹಾಕಿದ ಸಹಿಗಷ್ಟ ಹೊಳಿಯೋ ಸ್ಟಿಕರ್ ಅಂಟಸ್ತಾರ. ಹುಡುಗಗ ಆ ಸ್ಟಿಕರ್ ಯಾಕ ಬೇಕು? ಅವನ ಕಣ್ಣೇ ಸಾಕ್ಷಿ.

2025ರ ಸಪ್ಟೆಂಬರ್‌ದಾಗ ಮಯಾಮಿಯೊಳಗ ಹ್ಯಾರಿಸನ್ ಬೇಡರ್ ಹೊಡದ ಹೋಮ್‌ರನ್ ಚೆಂಡು ಒಬ್ಬ ಅಪ್ಪ ಮಗಗ ಕೊಟ್ಟ, ಒಬ್ಬಾಕಿ ಬಂದು ಜಗಳಾಡಿ ಇಸಗೊಂಡು ಹೋದಳು. ಆ ವಿಡಿಯೋ ನಮ್ಮ ವಾಟ್ಸಾಪಿಗೂ ಬಂತು, ನಾವೆಲ್ಲಾ ಆಕಿಗೆ ಬೈದದ್ದೇ ಬೈದದ್ದು. ಆಟ ಮುಗದ ಮ್ಯಾಲೆ ಬೇಡರ್ ಆ ಹುಡುಗನ್ನ ಕರದು ಸಹಿ ಹಾಕಿದ ಬ್ಯಾಟು ಕೊಟ್ಟ. ಆಕಿ ಒಂದು ಚೆಂಡು ಕಸಗೊಂಡಳು. ಮೂರು ಸಲ ಪಾಳಿ ಹಚ್ಚಿ ಹಿಂದಿನ ಕೂಸಿಂದು ತಪ್ಪಿಸಿದವರಿಗೆ ಏನನ್ನೋಣು?

ಆಟಗಾರರೊಳಗೂ ಈ ಸಹಿಗೆ ಮಾನ ಕೊಟ್ಟವರು ಇದ್ದಾರ. ಮಿನೆಸೋಟಾದ ಹಾರ್ಮನ್ ಕಿಲಬ್ರೂ, 573 ಹೋಮ್‌ರನ್ ಹೊಡದಾಂವ, ಟೋರಿ ಹಂಟರ್‌ನಂಥಾ ಹುಡುಗರಿಗೆ ಹೇಳ್ತಿದ್ದ: ಸಹಿ ಓದಲಿಕ್ಕೆ ಬರೋ ಹಂಗ ಹಾಕು, ಗೀಚಬ್ಯಾಡ. ಅಷ್ಟು ದೊಡ್ಡಾಂವ ಒಂದೊಂದು ಅಕ್ಷರಾ ದುಂಡಗ ಬರದು ಕೊಟ್ಟದ್ದನ್ನ ನಾವು ಚೀಲದಾಗ ತುಂಬಿ ಮಾರೋದು ಶೋಭಾ ಏನ್ರೀ?

ನಾ ಹೇಳೋದಿಷ್ಟ. ದೊಡ್ಡವರು ರೇಲಿಂಗ್ ಬಿಟ್ಟು ನಾಲ್ಕು ಹೆಜ್ಜಿ ಹಿಂದ ನಿಲ್ರಿ. ಒಂದು ಕೂಸಿಗೆ ಒಬ್ಬ ಆಟಗಾರಂದು ಒಂದ ಸಹಿ. ಕೇಳೋದು ಕೂಸೇ ಕೇಳ್ಲಿ, ತನ್ನ ಹೆಸರು ತಾನೇ ಹೇಳ್ಲಿ, ಥ್ಯಾಂಕ್ಸ್ ತಾನೇ ಅನ್ಲಿ. ಸಿಗಲಿಲ್ಲಂದ್ರ ಆಟಗಾರಗ ಬೈಬ್ಯಾಡ್ರಿ, ಆಂವಗೂ ದಣಿವದ. ಸಿಕ್ಕರ ಹೆಸರು ಬರಸ್ರಿ, ತಪ್ಪದ ಬರಸ್ರಿ. ಚೆಂಡಿನ ಕಿಮ್ಮತ್ತು ಇಳೀತದ, ಇಳೀಲಿ. ಆಮ್ಯಾಲೆ ಅದನ್ನ ಯಾರೂ ಮಾರೂದಿಲ್ಲ, ಮನ್ಯಾಗ ಉಳೀತದ.