ಹನ್ನೊಂದಕ್ಕೆ ಹೋಗಬೇಕೆ?

ಮೇಲವಂಕಿಯಂಥ ಊರಿನ ಝೆರಾಕ್ಸ್ ಅಂಗಡಿಯ ಗಣಕದಲ್ಲಿ ರೈತರ ಆಧಾರ್, ಉತಾರ, ಪಾಸ್‌ಬುಕ್ಕಿನ ಪ್ರತಿಗಳು ಉಳಿದಿರುತ್ತವೆ. ಅದರಲ್ಲಿರುವುದು ವಿಂಡೋಸ್ 10 ಆದರೆ ಮಾಲೀಕರು ಯೋಚಿಸಬೇಕು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಗಣಕವೇನೋ ಓಡುತ್ತದೆ, ಆದರೆ ವಿಸ್ತರಿತ ಭದ್ರತಾ ಯೋಜನೆಗೆ ಸೇರದಿದ್ದರೆ ಹೊಸ ದೋಷಗಳಿಗೆ ತೇಪೆ ಬರುವುದಿಲ್ಲ.

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು. ತೊಡಕಿರುವುದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಪ್ರೊಸೆಸರಿನಲ್ಲಿ. ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ಪೀಳಿಗೆಯದಾದರೂ ಇರಬೇಕು. ಇವೆಲ್ಲ ಇದ್ದರೆ ಬದಲಾಯಿಸುವುದೇ ಲೇಸು, ಖರ್ಚೂ ಇಲ್ಲ. ಅದಕ್ಕೆ ಮುನ್ನ ನುಡಿ, ಬರಹದ ಹಳೆಯ ಕಡತಗಳನ್ನು ಫಾಂಟುಗಳ ಸಮೇತ ಬೇರೆಡೆ ಪ್ರತಿ ಮಾಡಿಡಿ. ಆ ಫಾಂಟು ಕಳೆದರೆ ಕನ್ನಡ ಓದಲಾಗದ ಗೀಚಾಗುತ್ತದೆ.

ಗಣಕ ತೀರಾ ಹಳೆಯದೆ? ಊರಿನವರ ಕಾಗದಗಳನ್ನು ಅಳಿಸಿ, ಅಂತರ್ಜಾಲದ ತಂತಿ ಕಳಚಿ, ಬರಿಯ ಟೈಪಿಂಗಿಗೆ ಇಟ್ಟುಕೊಳ್ಳಿ.