ಸಾಮ್ರಾಜ್ಞಿಯ ಭಾಷೆ, ಒಕ್ಕಲುಮಕ್ಕಳ ಭಾಷೆ

1934ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರ ‘ದಿ ಸ್ಕಾರ್ಲೆಟ್ ಎಂಪ್ರೆಸ್’ನಲ್ಲಿ ಮಾರ್ಲೀನ್ ಡೀಟ್ರಿಕ್ ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳ ಪಾತ್ರ ವಹಿಸಿದ್ದಾಳೆ. ಸೊಸೆಯಾಗಿ ಬಂದ ಜರ್ಮನ್ ರಾಜಕುವರಿ ಗಂಡನನ್ನು ಕೆಳಗಿಳಿಸಿ ಪಟ್ಟವೇರುವಲ್ಲಿಗೆ ಚಿತ್ರ ಮುಗಿಯುತ್ತದೆ. ನಮಗೆ ಮುಖ್ಯವಾದ ಕಥೆ ಆಮೇಲಿನದು.

ತವರಿನ ನುಡಿ ಬದಿಗಿರಿಸಿ ರಷ್ಯನ್ ಕಲಿತ ಈಕೆಯೇ 1763ರಲ್ಲಿ ವಿದೇಶೀಯರನ್ನು ಆಹ್ವಾನಿಸಿದಳು. ವೋಲ್ಗಾ ತೀರದಲ್ಲಿ ನೆಲೆಸಿದ ಜರ್ಮನ್ ರೈತರು ಶಾಲೆ, ಇಗರ್ಜಿಗಳ ಬಲದಿಂದ ತಲೆಮಾರುಗಳವರೆಗೆ ತಮ್ಮ ಭಾಷೆ ಉಳಿಸಿಕೊಂಡರು. 1941ರಲ್ಲಿ ಸ್ಟಾಲಿನನ ಆಡಳಿತವು ಅವರನ್ನು ಗಡೀಪಾರು ಮಾಡಿದಾಗ ಶಾಲೆಗಳು ಹೋದವು, ಭಾಷೆಯೂ ಸೊರಗಿತು.

ತಮಿಳುನಾಡಿನ ತೇನಿ, ಕಂಬಂ ಕಣಿವೆ, ದಿಂಡಿಗಲ್ ಕಡೆಯ ಕಾಪ್ಪಿಲಿಯರು, ಅನುಪ್ಪರು ಹಿಂದೆಯೇ ಅಲ್ಲಿ ನೆಲೆಸಿದ ಕನ್ನಡ ಮಾತಿನ ಒಕ್ಕಲುಮಕ್ಕಳು. ಮನೆಯೊಳಗೆ ಕನ್ನಡವಿದೆ, ಓದುಬರಹ ಬಹುಮಟ್ಟಿಗೆ ತಮಿಳು. ಅಜ್ಜಿಯ ಮಾತು ಮೊಮ್ಮಗನ ಪುಸ್ತಕದಲ್ಲಿಲ್ಲ.

ಕಾಸರಗೋಡಿನ ನಮಗಾದರೋ ಕನ್ನಡ ಶಾಲೆಗಳಿವೆ. ಮಲಯಾಳ ಕಲಿಯುವುದಕ್ಕೆ ನಮ್ಮ ಆಕ್ಷೇಪವಿಲ್ಲ; ನೆರೆಯ ಭಾಷೆ ಬೇಕೇ ಬೇಕು. ಆದರೆ ಊರಿನ ಕನ್ನಡ ತರಗತಿಯನ್ನು ನಾವೇ ಬರಿದುಮಾಡಿ, ಬಳಿಕ ಸರಕಾರವನ್ನು ದೂರಿ ಫಲವೇನು? ಹಕ್ಕಿಗಾಗಿ ಹೋರಾಡೋಣ, ಅದಕ್ಕೂ ಮೊದಲು ಮಕ್ಕಳನ್ನು ಸೇರಿಸೋಣ. ಭಾಷೆ ಬಿಟ್ಟ ಕ್ಯಾಥರೀನಳಿಗೆ ಸಿಂಹಾಸನವಾದರೂ ಸಿಕ್ಕಿತು. ನಮ್ಮ ಮಕ್ಕಳಿಗೆ ಸಿಗುವುದೇನು?